ಭತ್ತದ ಮ್ಯುಟೆಂಟ್ ಡೇಟಾಬೇಸ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಭತ್ತದ ಸಂಶೋಧನೆಗೆ ಹೊಸದಾಗಿ ಬಂದ ಎಂಎಸ್ಸಿ, ಪಿಎಚ್‌ಡಿ ಮಕ್ಕಳು ಕೇಳುವ ಪ್ರಶ್ನೆಗಳು ಇವು. ಕೆಲವು ಪ್ರಶ್ನೆಗಳನ್ನು ರೈತರೂ ಕೇಳಿದ್ದಾರೆ. ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಪ್ರತಿ ಸಾಲಿನ ಹಿಂದೆ ಕೆಸರಿನಲ್ಲಿ ನಿಂತು ಬರೆದುಕೊಂಡ ಒಬ್ಬರು ಇರುತ್ತಾರೆ. ಅದನ್ನು ನೆನಪಿಟ್ಟುಕೊಂಡು ಓದಿ.

ಮ್ಯುಟೆಂಟ್ ಡೇಟಾಬೇಸ್ ಅಂದರೆ ಏನು? ಯಾಕೆ ಬೇಕು?

ಭತ್ತಕ್ಕೆ 12 ಕ್ರೋಮೋಸೋಮುಗಳು. ಅದರ ಡಿಎನ್‌ಎಯಲ್ಲಿ ಸುಮಾರು 39 ಕೋಟಿ ಅಕ್ಷರಗಳಿವೆ. ಜಪಾನಿನ ನಿಪ್ಪಾನ್‌ಬಾರೆ ತಳಿಯ ಪೂರ್ತಿ ಡಿಎನ್‌ಎ ಓದಿ ಮುಗಿಸಿದ ವರದಿ 2005ರಲ್ಲಿ ಹೊರಬಂತು. ಆಗ ಲೆಕ್ಕಕ್ಕೆ ಸಿಕ್ಕಿದ್ದು 37 ಸಾವಿರಕ್ಕೂ ಜಾಸ್ತಿ ಜೀನ್‌ಗಳು.

ಅಕ್ಷರ ಓದಿದ ಮಾತ್ರಕ್ಕೆ ಅರ್ಥ ಗೊತ್ತಾಗುವುದಿಲ್ಲ. ಒಂದು ಜೀನ್ ಏನು ಕೆಲಸ ಮಾಡುತ್ತದೆ ಅಂತ ತಿಳಿಯಲು ನೇರವಾದ ದಾರಿ ಅದನ್ನು ಕೆಡಿಸಿ ನೋಡುವುದು. ಕೆಡಿಸಿದ ಗಿಡ ಗಿಡ್ಡವಾದರೆ ಆ ಜೀನ್‌ಗೂ ಎತ್ತರಕ್ಕೂ ಏನೋ ಸಂಬಂಧ ಇದೆ. ತೆಂಡೆ (ಬುಡದಿಂದ ಒಡೆಯುವ ಕವಲು) ಒಡೆಯದಿದ್ದರೆ ತೆಂಡೆಗೂ ಅದಕ್ಕೂ ಸಂಬಂಧ ಇದೆ. ಹೀಗೆ ಜೀನ್ ಕೆಟ್ಟ ಗಿಡವೇ ಮ್ಯುಟೆಂಟ್, ಅದರ ಬೀಜದಿಂದ ಬಂದ ಸಂತತಿಗೆ ಸಾಲು ಅನ್ನುತ್ತೇವೆ. ಇಂಥ ಸಾವಿರಾರು ಸಾಲುಗಳನ್ನು ಬೆಳೆಸಿ, ಒಂದೊಂದರಲ್ಲೂ ಏನು ಕಂಡಿತು ಅಂತ ಬರೆದಿಟ್ಟ ಕಡತವೇ ಮ್ಯುಟೆಂಟ್ ಡೇಟಾಬೇಸ್.

ಒಳ್ಳೆಯ ಡೇಟಾಬೇಸು ಮೂರು ಸಂಗತಿಗಳನ್ನು ಒಂದೇ ದಾರದಲ್ಲಿ ಕಟ್ಟಿರುತ್ತದೆ: ಬೀಜದ ಪೊಟ್ಟಣ, ಡಿಎನ್‌ಎಯಲ್ಲಿ ಕೆಟ್ಟ ಜಾಗ, ಗದ್ದೆಯಲ್ಲಿ ಗಿಡ ಕಂಡ ರೀತಿ. ಒಂದು ಗಂಟು ಬಿಚ್ಚಿದರೂ ಉಳಿದೆರಡು ಅರ್ಧ ಬೆಲೆಗೆ ಇಳಿಯುತ್ತವೆ.

ಮ್ಯುಟೆಂಟ್ ಅಂದರೆ ಜಿಎಂ (ಕುಲಾಂತರಿ) ಬೆಳೆನಾ?

ಕೆಲವು ಹೌದು, ಹಲವು ಅಲ್ಲ. ಹೇಗೆ ಕೆಡಿಸಿದರು ಅನ್ನೋದರ ಮೇಲಿದೆ.

ಗಾಮಾ ಕಿರಣ, ಫಾಸ್ಟ್ ನ್ಯೂಟ್ರಾನ್ ಎಂಬ ವಿಕಿರಣ, ಇಎಂಎಸ್ ಎಂಬ ರಾಸಾಯನಿಕ, ಇವುಗಳಿಂದ ಬಂದ ಗಿಡದಲ್ಲಿ ಹೊರಗಿನ ಜೀನ್ ಇರುವುದಿಲ್ಲ. ಅವನ್ನು ಸಾಮಾನ್ಯ ತಳಿಯಂತೆಯೇ ಗದ್ದೆಯಲ್ಲಿ ಬೆಳೆಯಬಹುದು. ಟಿ-ಡಿಎನ್‌ಎ ಸಾಲುಗಳ ಕಥೆ ಬೇರೆ. ಅಲ್ಲಿ ಅಗ್ರೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದ ಮೂಲಕ ಹೊರಗಿನ ಡಿಎನ್‌ಎ ತುಂಡನ್ನು ಒಳಗೆ ಕಳಿಸಿರುತ್ತಾರೆ, ಆ ತುಂಡು ಹೋಗಿ ಕೂತ ಕಡೆ ಜೀನ್ ಕೆಡುತ್ತದೆ. ಇವು ಜಿಎಂ. ನಮ್ಮಲ್ಲಿ ಬೆಳೆಸಬೇಕಾದರೆ ಅನುಮತಿ ಬೇಕೇ ಬೇಕು.

ಟಾಸ್17 ಅಂತ ಇನ್ನೊಂದಿದೆ. ಇದು ಭತ್ತದ್ದೇ ಸ್ವಂತ ಜಿಗಿಯುವ ಡಿಎನ್‌ಎ ತುಂಡು. ಮಾಮೂಲಿ ಗಿಡದಲ್ಲಿ ಸುಮ್ನೆ ಮಲಗಿರುತ್ತದೆ. ಟಿಶ್ಯೂ ಕಲ್ಚರ್‌ನಲ್ಲಿ ಬೆಳೆಸಿದಾಗ ಎದ್ದು ತನ್ನ ಪ್ರತಿಗಳನ್ನು ಅಲ್ಲಲ್ಲಿ ಕೂರಿಸುತ್ತದೆ. ಜಪಾನಿನ ಹಿರೋಚಿಕಾ ಅವರ ತಂಡ ಇದನ್ನು 1996ರಲ್ಲಿ ತೋರಿಸಿಕೊಟ್ಟಿತು. ಹೊರಗಿನದೇನೂ ಸೇರದೆ ಜೀನ್ ಕೆಡಿಸುವ ಈ ದಾರಿ ನನಗೆ ಇವತ್ತಿಗೂ ಬಹಳ ಚೆಂದ ಕಾಣುತ್ತದೆ.

ಗದ್ದೆಯಲ್ಲಿ ನಿಂತು ಏನೇನು ಬರೆಯುತ್ತಾರೆ?

ಇಡೀ ಕೆಲಸದ ಜೀವ ಇರುವುದೇ ಇಲ್ಲಿ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಸಿಮಡಿಯಿಂದಲೇ ಶುರು. ಬಿತ್ತಿ ಏಳೆಂಟು ದಿನಕ್ಕೆ ಹಸಿರು ಸಾಲಿನ ನಡುವೆ ಹಾಲಿನಂತೆ ಬೆಳ್ಳಗಿನ ಸಸಿಗಳು ಕಾಣುತ್ತವೆ. ಇವು ಆಲ್ಬಿನೋ. ಹಸಿರು ಇಲ್ಲ, ಹಾಗಾಗಿ ತನ್ನ ಊಟ ತಾನು ಮಾಡಿಕೊಳ್ಳಲಾರದು. ಕಾಳಿನೊಳಗಿನ ಹಿಟ್ಟು ಇರುವವರೆಗೆ ಬದುಕಿ, ಮೂರನೇ ಎಲೆ ಬರುವ ಹೊತ್ತಿಗೆ ಬಾಡಿ ಮಲಗುತ್ತದೆ. ಆ ವಾರ ನೀವು ಹೋಗಿ ಎಣಿಸದಿದ್ದರೆ ದಾಖಲೆ ಹೋಯಿತು ಅಂತಲೇ ಲೆಕ್ಕ. 20 ಸಸಿಯಲ್ಲಿ 5 ಬಿಳಿ, 15 ಹಸಿರು ಅಂತ ಬರೆದರೆ, ಇದು ಒಂದೇ ಜೀನ್‌ನ ಕೆಲಸ, ಅಡಗಿ ಬರುವ ಗುಣ ಅನ್ನುವ ಸುಳಿವು ಅಲ್ಲೇ ಸಿಗುತ್ತದೆ. ಬಿಳಿ ಸಸಿಯಿಂದ ಬೀಜ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಅದರ ಹಸಿರು ಒಡಹುಟ್ಟುಗಳನ್ನು ಉಳಿಸಿಕೊಳ್ಳಬೇಕು. ಹಸಿರಿನಲ್ಲಿ ಮೂರಕ್ಕೆ ಎರಡು ಆ ಗುಣವನ್ನು ಒಳಗೇ ಹೊತ್ತಿರುತ್ತವೆ.

ಬಿಳಿ ಒಂದೇ ಅಲ್ಲ. ತಿಳಿ ಹಳದಿ ಇದೆ. ಮೊದಲು ಬಿಳಿಚಿಕೊಂಡು ಆಮೇಲೆ ಹಸಿರಾಗುವುದಿದೆ. ಎಲೆಯ ಉದ್ದಕ್ಕೆ ಗೆರೆ ಇರುವುದು ಬೇರೆ, ಅಡ್ಡಕ್ಕೆ ಪಟ್ಟೆ ಇರುವ ಝೀಬ್ರಾ ಬೇರೆ. ಎಲ್ಲವನ್ನೂ 'ಬಣ್ಣಗೆಟ್ಟಿದೆ' ಅಂತ ಒಂದೇ ಬುಟ್ಟಿಗೆ ಹಾಕಿದರೆ ಮುಂದಿನವರಿಗೆ ಏನೂ ಸಿಗದು.

ನಾಟಿ ಆದ ಮೇಲೆ ತೆಂಡೆ ನೋಡುವ ಸಮಯ. ಮಾಮೂಲಿ ಬುಡದಲ್ಲಿ ಹತ್ತು ಹದಿನೈದು ತೆಂಡೆ ಒಡೆಯುವಾಗ, ಮಾಕ್1 ಎಂಬ ಮ್ಯುಟೆಂಟ್ ಒಂದೇ ಒಂದು ದಂಟಾಗಿ ನಿಂತಿರುತ್ತದೆ. ಚೀನಾದ ವಿಜ್ಞಾನಿಗಳು 2003ರಲ್ಲಿ ಈ ಜೀನನ್ನು ಹಿಡಿದರು, ತೆಂಡೆ ಒಡೆಯಲು ಅಪ್ಪಣೆ ಕೊಡುವ ಜೀನ್ ಅದು. ಲೇಜಿ1 ಎಂಬ ಮ್ಯುಟೆಂಟ್ ಇನ್ನೊಂದು ತರಹ: ಮೇಲೆ ಯಾವುದು, ಕೆಳಗೆ ಯಾವುದು ಅನ್ನುವ ಅರಿವೇ ಮಸುಕಾದಂತೆ ತೆಂಡೆಗಳು ನೆಲದ ಕಡೆ ಚೆಲ್ಲಿಕೊಳ್ಳುತ್ತವೆ. ಬ್ರಿಟಲ್ ಕಲ್ಮ್ ಅನ್ನುವುದನ್ನು ಕಣ್ಣಿನಿಂದ ಹಿಡಿಯಲು ಆಗುವುದಿಲ್ಲ. ದಂಟನ್ನು ಬೆರಳಲ್ಲಿ ಬಗ್ಗಿಸಬೇಕು. ಮಾಮೂಲಿ ದಂಟು ಬಾಗುತ್ತದೆ, ಇದು ಪಟ್ಟನೆ ಮುರಿಯುತ್ತದೆ. ಸಾಲು ಸಾಲು ನಡೆದು ಬಗ್ಗಿಸಿ ನೋಡಿದವರಿಗಷ್ಟೇ ಇದು ಸಿಕ್ಕಿರುವುದು.

ಹೊಡೆ ಬಿಚ್ಚಿದ ದಿನ, ತೆನೆಯ ಉದ್ದ, ಮೀಸೆ ಇದೆಯಾ ಇಲ್ಲವಾ, ಕಾಳಿನ ಆಕಾರ, ಜೊಳ್ಳು ಎಷ್ಟು, ಕಾಳು ಉದುರುತ್ತದಾ, ಇವೆಲ್ಲ ಆಮೇಲೆ ಬರುತ್ತವೆ. ಕೊಯ್ಲಿನ ಹೊತ್ತಿಗೆ ಗದ್ದೆಯ ಬದುವಿನ ಮೇಲೆ ನಿಂತು ನೋಡಿದರೂ ಜೊಳ್ಳಿನ ಸಾಲು ಗೊತ್ತಾಗುತ್ತದೆ. ಎಲ್ಲ ತೆನೆ ಬಾಗಿರುವಾಗ ಅದೊಂದು ನೆಟ್ಟಗೆ ನಿಂತಿರುತ್ತದೆ.

ರೋಗಕ್ಕೆ, ಬರಕ್ಕೆ ತಾಳಿಕೊಳ್ಳುವ ಗುಣವನ್ನು ಅಂಕದಲ್ಲಿ ಬರೆಯುವುದು ರೂಢಿ. ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಅಂದರೆ ಇರ್ರಿ ಮಾಡಿಕೊಟ್ಟ 0ಯಿಂದ 9ರವರೆಗಿನ ಅಳತೆ ಎಲ್ಲೆಡೆ ನಡೆಯುತ್ತದೆ.

'ಗಿಡ್ಡ' ಅಂತ ಬರೆದರೆ ಸಾಲದಾ?

ಸಾಲದು. ನಾನೇ ಎಡವಿದ ಒಂದು ಸಂಗತಿ ಹೇಳುತ್ತೇನೆ. ಒಂದು ಹಂಗಾಮಿನಲ್ಲಿ ಎರಡು ಸಾಲಿನ ಮುಂದೆ 'ಗಿಡ್ಡ, ಎಲೆಯಲ್ಲಿ ಕಂದು ಚುಕ್ಕೆ' ಅಂತ ಬರೆದಿದ್ದೆ. ರೋಗವಿಲ್ಲದೆಯೂ ರೋಗದಂತೆ ಚುಕ್ಕೆ ಬರುವ ಮ್ಯುಟೆಂಟ್‌ಗಳಿವೆ, ಅಂಥದ್ದೇ ಇದು ಅಂತ ಖುಷಿಪಟ್ಟಿದ್ದೆ. ಆ ಸಾಲುಗಳ ಪಕ್ಕದ ಮೂಲ ತಳಿಯನ್ನು ನೋಡಲೇ ಇಲ್ಲ. ಮುಂದಿನ ಸಲ ಬೇರೆ ಮಡಿಯಲ್ಲಿ ಹಾಕಿದಾಗ ಅವೇ ಸಾಲುಗಳು ಎಲ್ಲದರಂತೆ ಎತ್ತರವಾಗಿ, ಹಸಿರಾಗಿ ನಿಂತಿದ್ದವು. ಮೊದಲ ಜಾಗದಲ್ಲಿ ಇದ್ದದ್ದು ಸತುವಿನ ಕೊರತೆ. ಸತು ಇಲ್ಲದಿದ್ದರೂ ಭತ್ತ ಕುಗ್ಗುತ್ತದೆ, ತುಕ್ಕಿನಂಥ ಕಂದು ಚುಕ್ಕೆ ಬರುತ್ತದೆ.

ಅಲ್ಲಿಂದೀಚೆಗೆ ನನ್ನ ನಿಯಮ ಒಂದೇ. ಎತ್ತರ ಎಷ್ಟು ಸೆಂಟಿಮೀಟರ್, ಪಕ್ಕದ ಮೂಲ ತಳಿ ಎಷ್ಟು, ಬಿತ್ತಿ ಎಷ್ಟನೇ ದಿನ, ಎಷ್ಟು ಗಿಡದಲ್ಲಿ ಎಷ್ಟಕ್ಕೆ ಹೀಗಿದೆ. ಈ ನಾಲ್ಕು ಇಲ್ಲದೆ 'ಗಿಡ್ಡ' ಅನ್ನುವ ಪದ ಬರೆಯುವುದಿಲ್ಲ. ಡಿಎನ್‌ಎಯನ್ನು ನಾಳೆ ಮತ್ತೆ ಓದಬಹುದು, ಇನ್ನೂ ಅಗ್ಗಕ್ಕೆ ಓದಬಹುದು. ಆ ಹಂಗಾಮಿನ ಗದ್ದೆ ಮತ್ತೆ ಸಿಗುವುದಿಲ್ಲ.

ಯಾವ ಯಾವ ಡೇಟಾಬೇಸ್‌ಗಳಿವೆ?

ಹೊಸಬರು ಮೊದಲು ಹೋಗಬೇಕಾದ್ದು ಒರೈಝಾಬೇಸ್‌ಗೆ. ಜಪಾನಿನ ಮಿಶಿಮಾದಲ್ಲಿರುವ ರಾಷ್ಟ್ರೀಯ ತಳಿವಿಜ್ಞಾನ ಸಂಸ್ಥೆ ನಡೆಸುತ್ತದೆ. ಹಳೆಯ ಮ್ಯುಟೆಂಟ್‌ಗಳು, ಜೀನ್‌ಗಳ ಹೆಸರಿನ ಪಟ್ಟಿ, ಕಾಡು ಭತ್ತ, ಎಲ್ಲ ಒಂದೇ ಸೂರಿನಡಿ ಇವೆ. ಕ್ಯೂಶೂ ವಿಶ್ವವಿದ್ಯಾಲಯದವರು ಎಂಎನ್‌ಯು ರಾಸಾಯನಿಕದಿಂದ ಮಾಡಿದ ಸಾಲುಗಳ ವಿವರವೂ ಸಿಗುತ್ತದೆ.

ಟಾಸ್17 ಸಂಗ್ರಹ ಜಪಾನಿನ ತ್ಸುಕುಬಾದ್ದು. ಸುಮಾರು 50,000 ಸಾಲುಗಳನ್ನು ಗದ್ದೆಯಲ್ಲಿ ಬೆಳೆಸಿ, 53 ಬಗೆಯ ಲಕ್ಷಣಗಳಲ್ಲಿ ವಿಂಗಡಿಸಿ, 2007ರಲ್ಲಿ ಪ್ರಕಟಿಸಿದರು. ಐವತ್ತು ಸಾವಿರ ಸಾಲುಗಳ ನಡುವೆ ನಡೆದಾಡಿದ್ದಾರೆ, ಯೋಚಿಸಿ.

ಟಿ-ಡಿಎನ್‌ಎ ಸಾಲುಗಳಿಗೆ ನಾಲ್ಕು ದೊಡ್ಡ ತವರು. ಚೀನಾದ ವುಹಾನ್‌ನ ಹುವಾಝೋಂಗ್ ಕೃಷಿ ವಿಶ್ವವಿದ್ಯಾಲಯದ ಆರ್‌ಎಂಡಿ, 2006ರ ಹೊತ್ತಿಗೇ ಅದರಲ್ಲಿ ಸುಮಾರು 1,29,000 ಸಾಲುಗಳ ಮಾಹಿತಿ ಇತ್ತು. ಕೊರಿಯಾದ ಪೋಸ್ಟೆಕ್ ಸಂಗ್ರಹ. ತೈವಾನ್‌ನ ಟ್ರಿಮ್, ತೈನುಂಗ್ 67 ತಳಿಯ ಮೇಲೆ ಮಾಡಿದ್ದು. ಫ್ರಾನ್ಸ್‌ನ ಮೋಂಪೆಲಿಯೆಯ ಒರೈಝಾ ಟ್ಯಾಗ್ ಲೈನ್. ಕೊನೆಯದರಲ್ಲಿ ಗಿಡದ ಲಕ್ಷಣಗಳ ದಾಖಲೆಗೇ ವಿಶೇಷ ಗಮನ ಕೊಟ್ಟಿದ್ದಾರೆ.

ಇರ್ರಿಯವರು ಐಆರ್64 ತಳಿಯ ಮೇಲೆ ರಾಸಾಯನಿಕ ಮತ್ತು ವಿಕಿರಣ ಎರಡನ್ನೂ ಬಳಸಿ 40,000ಕ್ಕೂ ಜಾಸ್ತಿ ಸಾಲು ಮಾಡಿದ್ದಾರೆ. ಐಆರ್64 ಇಂಡಿಕಾ ಭತ್ತ, ನಮ್ಮ ಕಡೆಯ ಊಟದ ಭತ್ತಕ್ಕೆ ಹತ್ತಿರ. ಮೇಲೆ ಹೇಳಿದ ಹೆಚ್ಚಿನವು ಭತ್ತದ ಇನ್ನೊಂದು ದೊಡ್ಡ ಗುಂಪಾದ ಜಪೋನಿಕಾದವು. ಉಷ್ಣ ವಲಯದ ಗದ್ದೆಗೆ ಬೇಕಾದ ಗುಣ ಹುಡುಕುವವರು ಈ ವ್ಯತ್ಯಾಸ ಮರೆಯಬಾರದು.

ಇತ್ತೀಚಿನವುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪಮೇಲಾ ರೊನಾಲ್ಡ್ ಅವರ ತಂಡ ಕಟ್ಟಿದ ಕಿಟ್‌ಬೇಸ್. ಕಿಟಾಕೆ ತಳಿಯ ಬೀಜಕ್ಕೆ ಫಾಸ್ಟ್ ನ್ಯೂಟ್ರಾನ್ ಹಾಯಿಸಿ, 1,504 ಸಾಲುಗಳ ಡಿಎನ್‌ಎಯನ್ನು ಪೂರ್ತಿ ಓದಿ 2017ರಲ್ಲಿ ಬಿಡುಗಡೆ ಮಾಡಿದರು. ಸಿಕ್ಕಿದ್ದು 91,513 ಬದಲಾವಣೆಗಳು. ಭತ್ತದ ಅರ್ಧಕ್ಕೂ ಜಾಸ್ತಿ ಜೀನ್‌ಗಳು ಎಲ್ಲೋ ಒಂದು ಸಾಲಿನಲ್ಲಾದರೂ ಮುಟ್ಟಿಸಿಕೊಂಡಿವೆ. ಕಿಟಾಕೆ ಒಂಬತ್ತು ವಾರದಲ್ಲೇ ಬೀಜದಿಂದ ಬೀಜಕ್ಕೆ ಬರುತ್ತದೆ. ಪಿಎಚ್‌ಡಿ ಮಾಡುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಅನ್ನೋದು, ಐದು ತಿಂಗಳ ತಳಿ ಜೊತೆ ಹೆಣಗಿದವರಿಗೆ ಗೊತ್ತು.

ನಮ್ಮ ದೇಶದ್ದು ಇಲ್ಲವಾ?

ಇದೆ, ಹೆಮ್ಮೆಪಡುವಂಥದ್ದೇ ಇದೆ. ನಗೀನಾ 22 ಅಂದರೆ ಎನ್22, ಬಿಸಿಲು ಮತ್ತು ಬರ ಎರಡನ್ನೂ ತಾಳುವ ಹಳೆಯ ತಳಿ. ಹೆಸರು ಬಂದದ್ದು ಉತ್ತರ ಪ್ರದೇಶದ ನಗೀನಾ ಊರಿನಿಂದ. ಇದರ ಬೀಜವನ್ನು ಇಎಂಎಸ್‌ನಲ್ಲಿ ನೆನೆಸಿ 22,000ಕ್ಕೂ ಜಾಸ್ತಿ ಮ್ಯುಟೆಂಟ್ ಸಾಲುಗಳನ್ನು ಮಾಡಿದರು. ದೆಹಲಿ, ಹೈದರಾಬಾದ್, ಕೊಯಮತ್ತೂರು, ಲೂಧಿಯಾನದ ಸಂಸ್ಥೆಗಳ ಜೊತೆ ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಈ ಕೆಲಸದಲ್ಲಿ ಕೈಜೋಡಿಸಿತ್ತು.

ಮೂಲ ತಳಿಯಾಗಿ ಎನ್22 ಆರಿಸಿದ್ದು ಒಳ್ಳೆಯ ಯೋಚನೆ ಅಂತ ನನ್ನ ಅನಿಸಿಕೆ. ಬರ ತಾಳುವ ತಳಿಯಲ್ಲಿ ಒಂದು ಸಾಲು ಬರ ತಾಳದೆ ಹೋದರೆ, ಆ ತಾಳಿಕೆಗೆ ಕಾರಣವಾದ ಜೀನ್ ಅಲ್ಲೇ ಎಲ್ಲೋ ಕೆಟ್ಟಿದೆ ಅಂತ ತಿಳಿಯಬಹುದು. ತಾಳುವ ಶಕ್ತಿಯೇ ಇಲ್ಲದ ತಳಿಯಲ್ಲಿ ಈ ಹುಡುಕಾಟ ಸಾಧ್ಯವಿಲ್ಲ.

ಈ ಸಂಗ್ರಹದಿಂದ ರೈತರ ಗದ್ದೆಗೆ ಬಂದ ಫಲವೂ ಇದೆ. ಇಮಾಜೆಥಾಪೈರ್ ಎಂಬ ಕಳೆನಾಶಕ ಸಿಂಪಡಿಸಿದಾಗ ಸಾಮಾನ್ಯ ಭತ್ತ ಸಾಯುತ್ತದೆ. ಎನ್22 ಮ್ಯುಟೆಂಟ್‌ಗಳಿಗೆ ಸಿಂಪಡಿಸಿ ನೋಡಿದಾಗ ಒಂದು ಸಾಲು ಬದುಕಿ ಉಳಿಯಿತು. ಅದಕ್ಕೆ ರಾಬಿನ್ ಅಂತ ಹೆಸರಾಯಿತು. ಆ ಕಳೆನಾಶಕ ಹೋಗಿ ತಗುಲುವ ಎಎಚ್‌ಎಎಸ್ ಎಂಬ ಜೀನ್‌ನಲ್ಲಿ ಬದಲಾವಣೆ ಆಗಿತ್ತು. ಅದೇ ಗುಣವನ್ನು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಬಾಸ್ಮತಿಗೆ ತಂದು, ಪೂಸಾ ಬಾಸ್ಮತಿ 1979 ಮತ್ತು 1985 ಎಂಬ ಎರಡು ತಳಿ ಮಾಡಿತು. 2021ರಲ್ಲಿ ಬಿಡುಗಡೆ ಆದವು. (ಆ ಸಂಖ್ಯೆಗಳು ಇಸವಿ ಅಲ್ಲ, ತಳಿಯ ಸಂಖ್ಯೆ. ಈ ಗೊಂದಲ ತುಂಬಾ ಜನರಿಗೆ ಆಗುತ್ತದೆ.) ಇವು ಜಿಎಂ ಅಲ್ಲ. ಒಂದೇ ಕಳೆನಾಶಕವನ್ನು ವರ್ಷ ವರ್ಷ ಹೊಡೆದರೆ ಕಳೆಯೂ ಅದನ್ನು ತಾಳಲು ಕಲಿಯುತ್ತದೆ ಅನ್ನುವ ಕಾಳಜಿ ನನಗೂ ಇದೆ. ಅದು ಬಳಕೆಯ ಪ್ರಶ್ನೆ.

ಹುಡುಕುವುದು ಹೇಗೆ? ಒಂದು ಉದಾಹರಣೆ ಕೊಡಿ.

ಎಸ್‌ಡಿ1 ತೆಗೆದುಕೊಳ್ಳೋಣ. ಹಸಿರು ಕ್ರಾಂತಿಯ ಗಿಡ್ಡ ಭತ್ತದ ಜೀನ್ ಇದು. 1966ರಲ್ಲಿ ಬಂದ ಐಆರ್8ಗೆ ಈ ಗುಣ ತೈವಾನ್‌ನ ಡೀ-ಜಿಯೋ-ವು-ಜೆನ್ ತಳಿಯಿಂದ ಬಂತು. ಗಿಡ್ಡವಾದ್ದರಿಂದ ಗೊಬ್ಬರ ಜಾಸ್ತಿ ಹಾಕಿದರೂ ನೆಲಕಚ್ಚಲಿಲ್ಲ. ಜಪಾನಿನ ರೇಮೈ, ಅಮೆರಿಕದ ಕ್ಯಾಲ್‌ರೋಸ್ 76 ತಳಿಗಳು ಗಾಮಾ ಕಿರಣದಿಂದ ಹುಟ್ಟಿದವು. ಆಶ್ಚರ್ಯ ಅಂದರೆ ಅವುಗಳಲ್ಲೂ ಕೆಟ್ಟದ್ದು ಇದೇ ಜೀನ್.

ಇದರ ಗುರುತಿನ ಸಂಖ್ಯೆ ಓಎಸ್01ಜಿ0883800. ಓಎಸ್ ಅಂದರೆ ಒರೈಝಾ ಸಟೈವಾ, 01 ಅಂದರೆ ಮೊದಲನೇ ಕ್ರೋಮೋಸೋಮ್, ಜಿ ಅಂದರೆ ಜೀನ್, ಉಳಿದದ್ದು ಅದರ ಸರದಿ. ಇದೇ ಜೀನ್‌ಗೆ ಇನ್ನೊಂದು ಪದ್ಧತಿಯಲ್ಲಿ ಎಲ್‌ಓಸಿ_ಓಎಸ್01ಜಿ66100 ಅಂತ ಬೇರೆ ಸಂಖ್ಯೆ ಇದೆ. ಮೊದಲನೆಯದು ಜಪಾನಿನ ತಂಡ ಕೊಟ್ಟದ್ದು, ಎರಡನೆಯದು ಅಮೆರಿಕದ್ದು. ಕೆಲವು ಡೇಟಾಬೇಸ್‌ಗಳು ಒಂದನ್ನು ಮಾತ್ರ ಗುರುತಿಸುತ್ತವೆ. 'ಏನೂ ಸಿಗಲಿಲ್ಲ' ಅಂತ ಬಂದ ಮಕ್ಕಳಲ್ಲಿ ಹಲವರು ತಪ್ಪು ಪದ್ಧತಿಯ ಸಂಖ್ಯೆ ಹಾಕಿರುತ್ತಾರೆ. ಎರಡನ್ನೂ ಹಾಕಿ ನೋಡಿ.

ಟ್ರೇಟ್ ಆಂಟಾಲಜಿ ಅಂತಾರಲ್ಲ, ಅದೇನು?

ಒಂದೇ ಗುಣಕ್ಕೆ ಎಲ್ಲರೂ ಒಂದೇ ಹೆಸರು ಬಳಸುವಂತೆ ಮಾಡಿದ ಏರ್ಪಾಡು. ನಾನು ತೆಂಡೆ ಅಂದದ್ದನ್ನು ಇನ್ನೊಂದು ಊರಿನವರು ಮರಿ ಅನ್ನಬಹುದು. ಕಂಪ್ಯೂಟರ್‌ಗೆ ಅವೆರಡೂ ಬೇರೆ ಬೇರೆ. ಹಾಗಾಗಿ ಪ್ರತಿ ಗುಣಕ್ಕೂ ಒಂದು ಸಂಖ್ಯೆ ಕೊಟ್ಟಿದ್ದಾರೆ. ಗಿಡದ ಎತ್ತರಕ್ಕೆ ಟಿಓ:0000207. ಗ್ರಾಮೀನ್ ಎಂಬ ಡೇಟಾಬೇಸಿನವರು ಭತ್ತಕ್ಕೆ ಈ ಕೆಲಸ ಶುರು ಮಾಡಿದರು. ಗಿಡದ ಭಾಗ ಮತ್ತು ಬೆಳವಣಿಗೆಯ ಹಂತಕ್ಕೂ ಇಂಥದ್ದೇ ಬೇರೆ ಪಟ್ಟಿ ಇದೆ.

ನನ್ನ ಸಲಹೆ: ಸಂಖ್ಯೆ ಹಾಕಿ, ಜೊತೆಗೆ ನೀವು ಕಂಡದ್ದನ್ನು ನಿಮ್ಮ ಮಾತಲ್ಲೂ ಬರೆಯಿರಿ. ಹೊಸ ಗುಣಕ್ಕೆ ಪಟ್ಟಿಯಲ್ಲಿ ಸಂಖ್ಯೆ ಇರುವುದಿಲ್ಲ. ಹೊಸದು ಸಿಗುವುದು ಅಂಥ ಸಾಲುಗಳಲ್ಲೇ.

ಡೇಟಾಬೇಸ್ ತೋರಿಸಿದ ಜೀನ್‌ನಿಂದಲೇ ಆ ಗುಣ ಬಂದಿದೆ ಅಂತ ನಂಬಬಹುದಾ?

ನಂಬಬೇಡಿ, ಪರೀಕ್ಷಿಸಿ. ಟಾಸ್17 ಸಾಲೊಂದರಲ್ಲಿ ಸರಾಸರಿ ಹತ್ತರಷ್ಟು ಹೊಸ ಪ್ರತಿಗಳು ಕೂತಿರುತ್ತವೆ. ಜೊತೆಗೆ ಟಿಶ್ಯೂ ಕಲ್ಚರ್ ತಾನೇ ಬೇರೆ ಬದಲಾವಣೆಗಳನ್ನು ತರುತ್ತದೆ, ಅವಕ್ಕೆ ಯಾವ ಗುರುತೂ ಇರುವುದಿಲ್ಲ. ಕಣ್ಣಿಗೆ ಬಿದ್ದ ಗುಣಕ್ಕೆ ಗುರುತಿರುವ ಜಾಗವೇ ಕಾರಣ ಆಗಿರುವುದು ಕಡಿಮೆ.

ಮೊದಲು ಒಂದೇ ಸಾಲಿನ ಗಿಡಗಳಲ್ಲಿ, ಗುಣ ಇರುವವುಗಳಲ್ಲೆಲ್ಲ ಆ ಜೀನ್ ಕೆಟ್ಟಿದೆಯಾ, ಇಲ್ಲದವುಗಳಲ್ಲಿ ಸರಿಯಿದೆಯಾ ನೋಡಿ. ಆಮೇಲೆ ಅದೇ ಜೀನ್ ಕೆಟ್ಟ ಇನ್ನೊಂದು ಸಾಲನ್ನು, ಸಾಧ್ಯವಾದರೆ ಬೇರೆ ಸಂಗ್ರಹದಿಂದ, ಹುಡುಕಿ. ಅದರಲ್ಲೂ ಅದೇ ಗುಣ ಕಂಡರೆ ಧೈರ್ಯ ಬರುತ್ತದೆ. ಕೊನೆಗೆ ಸರಿಯಿರುವ ಜೀನನ್ನು ವಾಪಸ್ ಕೊಟ್ಟು, ಗಿಡ ಸರಿಯಾಗುತ್ತದಾ ಅಂತ ನೋಡುವುದು.

ಇಎಂಎಸ್ ಸಾಲುಗಳಿಗೆ ಮಟ್‌ಮ್ಯಾಪ್ ಎಂಬ ವಿಧಾನ ಇದೆ. ಜಪಾನಿನ ಇವಾಟೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ್ದು. ಮ್ಯುಟೆಂಟನ್ನು ಅದರ ಮೂಲ ತಳಿಗೇ ಅಡ್ಡಹಾಯಿಸಿ, ಎರಡನೇ ಪೀಳಿಗೆಯಲ್ಲಿ ಗುಣ ಇರುವ ಗಿಡಗಳ ಡಿಎನ್‌ಎಯನ್ನೆಲ್ಲ ಒಟ್ಟಿಗೆ ಸೇರಿಸಿ ಓದುತ್ತಾರೆ. ಕಾರಣವಾದ ಬದಲಾವಣೆ ಆ ಎಲ್ಲ ಗಿಡಗಳಲ್ಲೂ ಇರುತ್ತದೆ, ಮಿಕ್ಕವು ಅರ್ಧಂಬರ್ಧ. ಇದೇ ದಾರಿಯಲ್ಲಿ ಉಪ್ಪುನೀರು ತಾಳುವ ಕೈಜಿನ್ ಎಂಬ ಭತ್ತವನ್ನೂ ಮಾಡಿದರು.

ಕ್ರಿಸ್ಪರ್ ಬಂದ ಮೇಲೆ ಇವೆಲ್ಲ ಬೇಕಾ?

ಬೇಕು. ಕ್ರಿಸ್ಪರ್ ಅಂದರೆ ಬೇಕಾದ ಜೀನನ್ನೇ ಗುರಿಯಿಟ್ಟು ಕತ್ತರಿಸುವ ವಿಧಾನ. ಅದರಲ್ಲಿ ಯಾವ ಜೀನ್ ಕತ್ತರಿಸಬೇಕು ಅಂತ ಮೊದಲೇ ಗೊತ್ತಿರಬೇಕು. ಮ್ಯುಟೆಂಟ್ ಸಂಗ್ರಹದಲ್ಲಿ ನಾವು ಊಹಿಸದೇ ಇದ್ದ ಜೀನ್ ತಾನಾಗಿ ಎದುರಿಗೆ ಬರುತ್ತದೆ. ಬೇರು ಸಿಲಿಕಾನ್ ಹೀರಿಕೊಳ್ಳುವ ಎಲ್‌ಎಸ್‌ಐ1 ಜೀನ್ ಸಿಕ್ಕಿದ್ದು ಹಾಗೇ. ಸಿಲಿಕಾನ್ ಹೀರುವ ಗಿಡಕ್ಕೆ ಜರ್ಮೇನಿಯಂ ಕೊಟ್ಟರೆ ಅದನ್ನೂ ಹೀರಿ ಎಲೆ ಕೆಡುತ್ತದೆ. ಎಲೆ ಕೆಡದೆ ಉಳಿದ ಮ್ಯುಟೆಂಟನ್ನು ಹಿಡಿದು 2006ರಲ್ಲಿ ಜೀನ್ ತೋರಿಸಿದರು. ಎರಡು ವರ್ಷದ ನಂತರ, ಅಕ್ಕಿಗೆ ಸೇರುವ ಆರ್ಸೆನಿಕ್ ಕೂಡ ಇದೇ ಬಾಗಿಲಿಂದ ಒಳಗೆ ಬರುತ್ತದೆ ಅಂತ ಗೊತ್ತಾಯಿತು.

ಲಿಂಕ್ ತೆರೆಯುತ್ತಿಲ್ಲ. ಏನು ಮಾಡಲಿ?

ಈ ದೂರು ಕೇಳಿದಾಗಲೆಲ್ಲ ಬೇಸರ ಆಗುತ್ತದೆ. ಯೋಜನೆಯ ಹಣ ಮುಗಿದಾಗ ಸರ್ವರ್ ನಿಲ್ಲುತ್ತದೆ. ಮೂಲ ಲೇಖನದ ಜೊತೆ ಕೊಟ್ಟ ಪೂರಕ ಪಟ್ಟಿಗಳನ್ನು ಹುಡುಕಿ, ಸಾಲಿನ ಸಂಖ್ಯೆ ಬಹಳ ಸಲ ಅಲ್ಲೇ ಇರುತ್ತದೆ. ಆಮೇಲೆ ಬೀಜ ಇಟ್ಟಿರುವ ಸಂಸ್ಥೆಗೆ ಬರೆಯಿರಿ. ನಿಮ್ಮ ಕೆಲಸಕ್ಕೆ ಬೇಕಾದ ಪುಟ ಸಿಕ್ಕಿದ ದಿನವೇ ಪೂರ್ತಿ ಇಳಿಸಿಟ್ಟುಕೊಳ್ಳಿ.

ಬೀಜ ತರಿಸಬಹುದಾ?

ಸಂಸ್ಥೆಯ ಮೂಲಕ ತರಿಸಬಹುದು. ಕೊಡುವವರ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕು. ಹೊರದೇಶದ ಬೀಜವಾದರೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಕ್ವಾರಂಟೈನ್ ತಪಾಸಣೆ ಆಗಬೇಕು. ಇಲ್ಲಿಂದ ಹೊರಗೆ ಕಳಿಸಲು 2002ರ ಜೀವವೈವಿಧ್ಯ ಕಾಯ್ದೆ ಅನ್ವಯಿಸುತ್ತದೆ. ಸ್ನೇಹಿತರ ಬ್ಯಾಗಿನಲ್ಲಿ ಒಂದು ಹಿಡಿ ತರಿಸುವ ಕೆಲಸ ದಯವಿಟ್ಟು ಮಾಡಬೇಡಿ. ಬೀಜದ ಜೊತೆ ರೋಗವೂ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯಬಹುದು, ಹಂಗಾಮು ನೋಡಿಕೊಂಡು ಮೊದಲೇ ಬರೆಯಿರಿ.

ನಾನು ರೈತ. ನನ್ನ ಗದ್ದೆಯಲ್ಲಿ ಒಂದು ವಿಚಿತ್ರ ಗಿಡ ಇದೆ. ಮ್ಯುಟೆಂಟ್ ಇರಬಹುದಾ?

ಇರಬಹುದು. ಮಾಕ್1 ಗಿಡ ಕೂಡ ಯಾರೂ ಕೆಡಿಸದೆ ತಾನಾಗಿ ಹುಟ್ಟಿದ್ದೇ. ಆದರೆ ಬೇರೆ ಕಾರಣಗಳನ್ನು ಮೊದಲು ತಳ್ಳಿಹಾಕಬೇಕು. ಜಾಸ್ತಿ ಸಲ ಅದು ಬೆರಕೆ ಬೀಜ ಆಗಿರುತ್ತದೆ. ಗಿಡ ಉಳಿದವಕ್ಕಿಂತ ತೆಳ್ಳಗೆ ಉದ್ದವಾಗಿ, ಬಿಳಿಚಿಕೊಂಡು ನಿಂತಿದ್ದರೆ ಬಕಾನೆ ರೋಗ ಇರಬಹುದು. ಆ ಶಿಲೀಂಧ್ರ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ರಸ ಸುರಿಸಿ ಗಿಡವನ್ನು ಎಳೆದುಬಿಡುತ್ತದೆ. ಇದೇ ರಸಕ್ಕೆ ಕಡಿವಾಣ ಹಾಕುವ ಜೀನ್ ಕೆಟ್ಟ ಮ್ಯುಟೆಂಟ್ ಕೂಡ ನೋಡಲು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಬಕಾನೆ ಆದರೆ ಗಿಡ ಬಹುಪಾಲು ತೆನೆ ಕಟ್ಟುವ ಮೊದಲೇ ಒಣಗುತ್ತದೆ.

ಗಿಡ ಬದುಕಿ ಕಾಳು ಕಟ್ಟಿದರೆ, ಅದಕ್ಕೊಂದು ಬಣ್ಣದ ದಾರ ಕಟ್ಟಿ. ಪಕ್ಕದ ಮಾಮೂಲಿ ಗಿಡವೂ ಕಾಣುವಂತೆ ಫೋಟೋ ತೆಗೆಯಿರಿ, ಅಳತೆಗೆ ಒಂದು ಕೋಲು ನಿಲ್ಲಿಸಿ. ಆ ಗಿಡದ ಕಾಳನ್ನು ಬೇರೆಯಾಗಿ ಕೊಯ್ದು, ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಹಾಕಿ ತಳಿಯ ಹೆಸರು, ತಾರೀಕು, ಗದ್ದೆಯ ಜಾಗ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಮುಂದಿನ ಹಂಗಾಮಿನಲ್ಲಿ ಅದರದ್ದೊಂದು ಸಾಲು, ಪಕ್ಕದಲ್ಲಿ ನಿಮ್ಮ ಮಾಮೂಲಿ ಬೀಜದ್ದೊಂದು ಸಾಲು ಹಾಕಿ. ವಿಚಿತ್ರ ಗುಣ ಆ ಸಾಲಿನಲ್ಲಿ ಮತ್ತೆ ಕಂಡರೆ, ಪೊಟ್ಟಣ ಮತ್ತು ಫೋಟೋ ಎರಡನ್ನೂ ತೆಗೆದುಕೊಂಡು ಹತ್ತಿರದ ಭತ್ತ ಸಂಶೋಧನಾ ಕೇಂದ್ರಕ್ಕೆ ಹೋಗಿ. ಮಂಡ್ಯ, ಮೂಡಿಗೆರೆ, ಶಿರಸಿ, ಗಂಗಾವತಿ ಕಡೆ ಭತ್ತದ ಕೆಲಸ ಮಾಡುವವರಿದ್ದಾರೆ. ಹೋಗುವಾಗ ಅರ್ಧ ಬೀಜವನ್ನು ಮನೆಯಲ್ಲೇ ಇಟ್ಟು ಹೋಗಿ.